ಅರ್ಧ ಕೀಲಿ ಅತ್ತಿಗೆಗೆ, ಅರ್ಧ ನನಗೆ

ನನ್ನ ಗೆಳೆಯ ಬೀಗ ರಿಪೇರಿಯವನು. ಬೀದಿಯ ಬೀಗಗಳನ್ನೆಲ್ಲ ಬಿಚ್ಚಿ ನೋಡಿದವನಿಗೆ ಯಾವ ಬೀಗದ ಮೇಲೂ ನಂಬಿಕೆ ಉಳಿದಿರಲಿಲ್ಲ. ನಮ್ಮ ಮನೆಗೆ ಊಟಕ್ಕೆ ಬಂದರೂ ಕೈ ತೊಳೆಯುವ ಮೊದಲು ಹಿಂಬಾಗಿಲ ಚಿಲಕ ಅಲುಗಾಡಿಸಿ ನೋಡುತ್ತಿದ್ದ. ಈಗ ಆ ಕೆಲಸ ನಾನು ಮಾಡುತ್ತೇನೆ.

ಅವನಿಗಿದ್ದ ಹುಚ್ಚು ಒಂದೇ. ಕಂಪ್ಯೂಟರ್ ಆಟವೊಂದರೊಳಗೆ ನಾವು ಕೆಲವು ಗೆಳೆಯರು ಸೇರಿ ವರ್ಷಗಟ್ಟಲೆ ಕಟ್ಟಿದ ಊರು. ಆ ಊರು ಇದ್ದದ್ದು ಅವನ ಮನೆಯ ಚಪ್ಪಲಿ ಸ್ಟ್ಯಾಂಡಿನ ಮೇಲಿನ ಹಳೆಯ ಕಂಪ್ಯೂಟರಿನಲ್ಲಿ. ಅದೇ ನಮ್ಮ ಸರ್ವರ್. ಅದು ನಿಂತರೆ ಊರಿಗೆ ಊರೇ ಬಂದ್. ಅವನ ಹೆಂಡತಿ, ನನ್ನ ಬಾಯಲ್ಲಿ ಅತ್ತಿಗೆ, ಸದಾ ಗುಂಯ್ ಎನ್ನುವ ಆ ಪೆಟ್ಟಿಗೆಯನ್ನು ಸವತಿ ಎನ್ನುತ್ತಿದ್ದರು. ಇಸ್ತ್ರಿ ಮಾಡಬೇಕಾದರೆ ಅದರ ಪ್ಲಗ್ಗನ್ನೇ ಕೀಳುತ್ತಿದ್ದರು.

ಅವನು ಆಸ್ಪತ್ರೆ ಸೇರುವ ಮಾತು ಬಂದಾಗ, ಊರನ್ನು ಬಾಡಿಗೆಯ ಕ್ಲೌಡಿಗೆ ಸಾಗಿಸೋಣ ಎಂದೆ.

“ಕ್ಲೌಡ್ ಅಂದ್ರೆ ಏನಯ್ಯಾ? ಯಾರದೋ ಮನೇಲಿರೋ ಕಂಪ್ಯೂಟರ್. ಆ ಮನೆ ಬೀಗ ನೀನು ನೋಡಿದೀಯಾ?”

“ನಿನ್ನ ಮನೆ ಬೀಗ ಗಟ್ಟಿಯಾಗೇ ಇದೆ. ಪ್ಲಗ್ ಕೀಳೋರು ಒಳಗೇ ಇದಾರಲ್ಲ.”

ನಕ್ಕು ಒಪ್ಪಿದ. ಊರು ಕ್ಲೌಡ್ ಸೇರಿದ ಮೇಲೆ ಮನೆಯಲ್ಲಿದ್ದ ಪ್ರತಿಯನ್ನು ತಾನೇ ಅಳಿಸಿದ. ಬಾಗಿಲು ಒಂದೇ ಇದ್ದರೆ ಕಾಯುವುದು ಸುಲಭವಂತೆ. ಬಾಡಿಗೆ ಖಾತೆಗೂ ಆಟಕ್ಕೂ ಸೇರಿ ಇದ್ದ ಒಂದೇ ಪಾಸ್‌ವರ್ಡನ್ನು ಬ್ಯಾಂಕ್ ಲಾಕರಿನ ಎರಡು ಕೀಲಿಗಳಂತೆ ಭಾಗ ಮಾಡಿ, ಅರ್ಧ ಅತ್ತಿಗೆಯ ಕಿವಿಗೆ, ಅರ್ಧ ನನ್ನ ಕಿವಿಗೆ ಹಾಕಿದ. ಅನುಮಾನ ಯಾರ ಮೇಲೆ ಎಂದು ಕೇಳಿದೆ. “ಇಬ್ರ ಮೇಲೂ” ಎಂದ.

ಆಸ್ಪತ್ರೆಯಿಂದ ಅವನು ಮನೆಗೆ ಬರಲಿಲ್ಲ.

ಬಾಡಿಗೆಯ ಅವಧಿ ಮುಗಿಯುತ್ತಿದೆ, ಮುಂದುವರಿಸದಿದ್ದರೆ ಎಲ್ಲವೂ ಅಳಿಸಿಹೋಗುತ್ತದೆ ಎಂದು ಕಂಪನಿಯಿಂದ ನನಗೆ ಮೇಲ್ ಬಂತು. ಅತ್ತಿಗೆಯ ಮುಂದೆ ಹೋಗಿ ನಿಂತೆ.

“ನನ್ನರ್ಧ ಕೊಡಲ್ಲ,” ಎಂದರು. “ಆ ಆಟದ ಊರಲ್ಲಿ ಅವರದೊಂದು ಮನೆ, ಅದರೊಳಗೆ ಬೀಗ ಹಾಕಿದ ಕೋಣೆ. ನೀವೇ ಹೇಳಿದ್ರಿ. ಅಲ್ಲಿ ಯಾರನ್ನ ಇಟ್ಕೊಂಡಿದ್ರು?”

“ಅದು ಆಟ, ಅತ್ತಿಗೆ.”

“ಆಟಕ್ಕೆ ಬೀಗ ಯಾಕೆ?”

ಆ ಕೋಣೆಗೆ ಅವನು ನನ್ನನ್ನೂ ಬಿಟ್ಟಿರಲಿಲ್ಲ. ನನಗೆ ಅತ್ತಿಗೆಯ ಮೇಲೂ ಅನುಮಾನ: ಸವತಿಯ ಕಥೆ ಮುಗಿಸಲು ಅವರು ಸುಮ್ಮನೆ ಕೂತರೆ ಸಾಕಿತ್ತು.

“ಕೊಟ್ರೆ ತಾನೇ ಒಳಗೆ ಹೋಗಿ ನೋಡೋದು?” ಎಂದೆ.

ಅವರು ನನ್ನ ಲ್ಯಾಪ್‌ಟಾಪ್ ಹತ್ತಿರ ಎಳೆದುಕೊಂಡು, “ಆ ಕಡೆ ತಿರುಗಿ” ಎಂದರು. ನಾನು ಗೋಡೆ ನೋಡಿದೆ. ನನ್ನ ಸರದಿ ಬಂದಾಗ ನಾನೂ ಅಂಗೈ ಅಡ್ಡ ಹಿಡಿದೆ. ಅವನು ನೋಡಿದ್ದರೆ ಮೆಚ್ಚುತ್ತಿದ್ದ.

ಅವನ ಹೆಸರಿನಲ್ಲಿ ಆಟದೊಳಗೆ ಹೊಕ್ಕಿದ್ದರಿಂದ ಕೋಣೆಯ ಬಾಗಿಲು ತೆರೆಯಿತು. ಒಳಗೆ ಯಾರೂ ಇರಲಿಲ್ಲ, ಏನೂ ಇರಲಿಲ್ಲ. ಎದುರು ಗೋಡೆಯಲ್ಲಿ ಒಂದು ಫಲಕ: “ಕಂಪನಿಯವನೇ, ಒಳಗೆ ಬಂದೆಯಲ್ಲ, ಯಾರು ನೀನು? ಬರೆದು ಹೋಗು.” ಅದರ ಕೆಳಗೆ ಖಾಲಿ ಫಲಕ.

“ಆ ಸ್ಥಿತಿಲೂ ಕಳ್ಳನ್ನ ಹಿಡಿಯೋಕೆ ಕೂತಿದ್ರು ನೋಡಿ,” ಎಂದರು ಅತ್ತಿಗೆ. ಕಣ್ಣೊರೆಸಿಕೊಂಡು ಕೇಳಿದರು: “ಇಲ್ಲಿ ಬರೆಯೋದು ಹೇಗೆ?”

ತೋರಿಸಿದೆ. ಒಂದೊಂದೇ ಅಕ್ಷರ ಹುಡುಕಿ ಒತ್ತಿದರು: “ನಾನೇ. ಪ್ಲಗ್ ಕೀಳೋಳು.”

“ಈಗ ಬಾಡಿಗೆ ಮುಂದುವರಿಸಿ,” ಎಂದರು. “ಬರ್ತಾ ಆ ಕೋಣೆಗೆ ಬೀಗ ಹಾಕೋದು ಮರೀಬೇಡಿ.”