ಎಣ್ಣೆ ಹತ್ತಿದ ಕಾಲುಚೀಲ

ನಮ್ಮ ಗೊಬ್ಬರದ ಅಂಗಡಿಯ ಅಟ್ಟವನ್ನು ನಾನು ಒಂದು ದಿನವೂ ಹತ್ತಿದವಳಲ್ಲ. ಮೇಲಿಂದ ಬೀಜದ ಪೊಟ್ಟಣ ಬೇಕಾದರೆ ನನ್ನ ಗಂಡ ಏಣಿ ಹಾಕಬೇಕು. ಅವರಿಲ್ಲದ ಹೊತ್ತಿನಲ್ಲಿ ಗಿರಾಕಿಗಳನ್ನೇ ಹತ್ತಿಸಿದ್ದೂ ಉಂಟು. ಎತ್ತರ ಕಂಡರೆ ನನಗೆ ಅಂಗಾಲು ಜುಮ್ಮೆನ್ನುತ್ತದೆ, ಬಾಯಿ ಒಣಗುತ್ತದೆ, ಆಮೇಲೆ ಸಿಟ್ಟು ಬರುತ್ತದೆ. ಭಯವಾದಾಗ ಅಳುವವರಿದ್ದಾರೆ, ನಾನು ಬೈಯುವವಳು.

ಚನ್ನರಾಯಪಟ್ಟಣದ ಕೆರೆ ಏರಿಯ ಮೇಲೆ ಬೆಳಿಗ್ಗೆ ವಾಕಿಂಗ್ ಹೋಗುವವರು ನಾವು ಮೂವರು. ನಾನು, ನನ್ನ ಓರಗಿತ್ತಿ, ಮತ್ತು ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿರುವ ಗೆಳತಿ. ಓರಗಿತ್ತಿ ನನಗಿಂತ ಚಿಕ್ಕವಳು, ಯಾರು ಏನೆಂದರೂ ಹೂಂಗುಟ್ಟುತ್ತಾಳೆ. ಕಂಡಕ್ಟರ್ ಹಾಗಲ್ಲ. ಓಡುವ ಬಸ್ಸಿನಲ್ಲಿ ಕಂಬಿ ಹಿಡಿಯದೆ ನಿಂತು ಟಿಕೆಟ್ ಹರಿಯುವ ಹೆಂಗಸು. ಭಯ ಅನ್ನುವುದು ಅವಳ ಪ್ರಕಾರ ಕೆಲಸವಿಲ್ಲದವರ ಕಾಯಿಲೆ.

"ನಿನ್ ಕಾಯ್ಲೆಗೆ ಔಷ್ದಿ ನಾನ್ ಕೊಡ್ತೀನಿ, ಬಾ ಕಣಮ್ಮಿ" ಎಂದು ಆ ಭಾನುವಾರ ಅವಳೇ ನಮ್ಮನ್ನು ಹೊರಡಿಸಿದಳು. ಶಿವರಾತ್ರಿ ಕಳೆದು ಬಿಸಿಲು ಏರತೊಡಗಿತ್ತು. ಹೊರಟದ್ದು ದಂಡಿಗನಹಳ್ಳಿ ಕಡೆಯ ಒಂದು ಬೆಟ್ಟಕ್ಕೆ. ಅದಕ್ಕೆ ಮೆಟ್ಟಿಲಿಲ್ಲ. ಬೋಳು ಬಂಡೆ, ಅಲ್ಲಲ್ಲಿ ಕಾಲೂರಲು ಕಡಿದ ಸಣ್ಣ ಕುಳಿಗಳು. ಒಂದು ಮಗ್ಗುಲಲ್ಲಿ ಹಿಂದೆ ಯಾರೋ ಕಲ್ಲು ತೆಗೆದು ಬಿಟ್ಟುಹೋದ ಕ್ವಾರಿ. ನೆತ್ತಿಯ ಮೇಲೆ ಕಲ್ಲಿನ ಬಸವ. ಚಪ್ಪಲಿಯನ್ನು ಬುಡದಲ್ಲೇ ಬಿಟ್ಟು ಹತ್ತಬೇಕು, ಹತ್ತಿದವರು ದನಕರು ಚೆನ್ನಾಗಿರಲೆಂದು ಬಸವನ ಮೈಗೆ ಎಣ್ಣೆ ಸವರಬೇಕು. ಅದು ಅಲ್ಲಿಯ ಪದ್ಧತಿ.

ನಾನು ಹತ್ತಿದ್ದನ್ನು ಹತ್ತಿದ್ದು ಎನ್ನುವಂತಿಲ್ಲ. ಅಂಬೆಗಾಲಿಟ್ಟುಕೊಂಡು ಹೋದೆ. ಹಿಂದಿನಿಂದ ಅವಳು "ಕೆಳಕ್ ನೋಡ್ಬ್ಯಾಡ, ಮುಂದುಕ್ ನಡಿ, ಮುಂದುಕ್ ನಡಿ" ಎಂದು ಬಸ್ಸಿನಲ್ಲಿ ಕೂಗುವ ಹಾಗೆಯೇ ಕೂಗುತ್ತಿದ್ದಳು. ನಾನು ಅವಳ ವಂಶವನ್ನೆಲ್ಲ ಜಾಲಾಡುತ್ತಾ ಹೋದೆ. ಮೇಲೆ ತಲುಪಿದವಳೇ ಬಸವನಿಗೆ ಬೆನ್ನು ಕೊಟ್ಟು ಕೂತುಬಿಟ್ಟೆ. ಸುತ್ತಲಿನ ತೆಂಗಿನ ತೋಟಗಳನ್ನು ಅವರಿಬ್ಬರೂ ಕೈ ತೋರಿಸಿ ಹೊಗಳಿದರು. ನಾನು ನನ್ನ ಮೊಣಕಾಲನ್ನೇ ನೋಡುತ್ತಿದ್ದೆ.

ಹೊತ್ತು ಏರಿ ಬಂಡೆ ಕಾದಿತು. ಕಂಡಕ್ಟರ್ ಚೀಲದಿಂದ ಕಾಲುಚೀಲ ತೆಗೆದು ಹಾಕಿಕೊಂಡಳು. ಶ್ರವಣಬೆಳಗೊಳದಲ್ಲಿ ಕಾದ ಬಂಡೆ ಹತ್ತುವ ಯಾತ್ರಿಕರಿಗೆಂದು ಅಂಗಡಿಯವರು ಮಾರುತ್ತಾರಲ್ಲ, ಅಂಥದು. ಅದನ್ನು ಹಾಕಿಕೊಂಡೇ ಬಸವನಿಗೆ ಎಣ್ಣೆ ಸವರಿದಳು, ಸುತ್ತು ಹಾಕಿದಳು. ಬಂದವರೆಲ್ಲ ಎಣ್ಣೆ ಸುರಿದು ಬಸವನ ಸುತ್ತಲಿನ ಕಲ್ಲು ಕರ್ರಗೆ ಜಿಡ್ಡುಗಟ್ಟಿತ್ತು. ಕಾಲುಚೀಲ ಅದನ್ನೆಲ್ಲ ಕುಡಿದದ್ದು ನಮ್ಮ ಮೂವರಲ್ಲಿ ಯಾರ ಗಮನಕ್ಕೂ ಬರಲಿಲ್ಲ.

ಇಳಿಯುವಾಗ ಅವಳು ಮುಂದೆ ನೆಟ್ಟಗೆ ನಡೆದಳು. ನಾನು ಹಿಂದೆ ಕೂತುಕೊಂಡೇ ಜರುಗುತ್ತಿದ್ದೆ. ಪೂಜೆಯ ಸಾಮಾನು ಕಟ್ಟಿಕೊಂಡು ಬರುತ್ತೇನೆಂದು ಓರಗಿತ್ತಿ ಮೇಲೆಯೇ ಉಳಿದಳು. ಇಳಿಜಾರು ಕಡಿದಾಗುವ ಕಡೆ ಕಂಡಕ್ಟರ್ ತಿರುಗಿ "ಅಂಗೇ ತೆವ್ಳು, ಚೂಡಿದಾರ ಸವುದ್ರೆ ನಾನೇ ಕೊಡುಸ್ತೀನಿ" ಎಂದು ನಕ್ಕಳು. ನಗು ಮುಗಿಯುವ ಮೊದಲೇ ಕಾಲು ಜಾರಿತು.

ಅವಳು ಕಿರುಚಲಿಲ್ಲ. ಬಟ್ಟೆ ಕಲ್ಲಿನ ಮೇಲೆ ಉಜ್ಜಿಕೊಂಡು ಹೋದ ಸದ್ದಷ್ಟೇ ಕೇಳಿತು. ಬೆನ್ನ ಮೇಲೆ ಜಾರುತ್ತಾ ಕ್ವಾರಿಯ ಮಗ್ಗುಲಿಗೆ ಹೋದಳು. ಅಂಚು ಇನ್ನೊಂದೆರಡು ಮಾರು ಇದೆ ಅನ್ನುವಾಗ ಹಿಮ್ಮಡಿ ಬಂಡೆಯ ಬಿರುಕಿಗೆ ಸಿಕ್ಕಿ ನಿಂತಳು. ಏಳಲು ನೋಡಿದಳು, ಇನ್ನೊಂದು ಕಾಲು ಮತ್ತೆ ಸರ್ರನೆ ಜಾರಿತು. ಆಮೇಲೆ ಅಲುಗಾಡಲಿಲ್ಲ.

"ಕಾಲು ನಿಲ್ತಿಲ್ಲ ಕಣಮ್ಮಿ" ಎಂದಳು. ಇಡೀ ಬಸ್ಸಿಗೆ ಕೇಳುವಂಥ ಗಂಟಲು, ನನಗೇ ಸರಿಯಾಗಿ ಕೇಳಿಸಲಿಲ್ಲ.

ಮೇಲಿಂದ ಓರಗಿತ್ತಿ, "ಅಕ್ಕಾ, ಯಾರ್ನಾರಾ ಕರ್ಕೊಂಡ್ ಬರ್ಲಾ?" ಎಂದು ಕೂಗಿದಳು. ಕೆಳಗೆ ಇಳಿಯದೆ ಎಲ್ಲಿಂದ ಕರೆತರುವುದು? ಇಳಿಯಬೇಕಾದರೆ ನಮ್ಮನ್ನು ದಾಟಿಯೇ ಹೋಗಬೇಕು. "ನೀನಲ್ಲೇ ನಿಂತ್ಕೊ, ಅಲ್ಲಾಡ್ಬ್ಯಾಡ" ಎಂದು ಗದರಿದೆ. ಗದರಿದ ಮೇಲೆ, ಹೋಗಬೇಕಾದವಳು ನಾನೇ ಎಂದು ಗೊತ್ತಾಯಿತು. ನಾನು ಹೋಗದಿದ್ದರೆ ಅವಳು ಜಾರುತ್ತಾಳೆ, ಹೋದರೆ ಇಬ್ಬರೂ ಜಾರಬಹುದು. ನಿಜ ಹೇಳಬೇಕೆಂದರೆ, ಕಣ್ಣು ಮುಚ್ಚಿಕೊಂಡು ಅಲ್ಲೇ ಇದ್ದುಬಿಡೋಣ ಅನ್ನಿಸಿತು.

ಕೂತಲ್ಲಿಂದಲೇ ಓರೆಯಾಗಿ ಜರುಗಿದೆ. ಅಂಗೈ ಊರು, ಹಿಮ್ಮಡಿ ಊರು, ಸ್ವಲ್ಪ ಜರುಗು. ಬರಿಗಾಲು ಸುಡುತ್ತಿತ್ತು, ಆದರೆ ಕಲ್ಲನ್ನು ಹಿಡಿಯುತ್ತಿತ್ತು. ಅವಳ ಪಕ್ಕಕ್ಕೆ ಹೋಗಿ ಕೈ ಹಿಡಿದರೆ ಪ್ರಯೋಜನವಿರಲಿಲ್ಲ. ಆ ಕಾಲುಚೀಲ ಬಿಚ್ಚಬೇಕಿತ್ತು. ಬಿಚ್ಚಬೇಕಾದರೆ ನಾನು ಅವಳಿಗಿಂತ ಕೆಳಗೆ, ಅವಳಿಗೂ ಕ್ವಾರಿಗೂ ನಡುವೆ ಹೋಗಬೇಕಿತ್ತು.

ಹೋದೆ. ಆ ಬಿರುಕು ಓರೆಯಾಗಿ ಕೆಳಕ್ಕೂ ಇಳಿದಿತ್ತು, ಅದರಲ್ಲಿ ಎರಡೂ ಪಾದ ಸಿಕ್ಕಿಸಿ ಕೂತೆ. ಮುಂದೆ ಬಂಡೆ ಮುಗಿದಿತ್ತು. ಕೆಳಗೆ ಹಸಿರುಗಟ್ಟಿದ ನೀರು, ನೀರಿನ ಸುತ್ತ ಚೂಪು ಕಲ್ಲು. ನೋಡಬೇಡ ಎಂದು ಹೇಳುವವಳೇ ಹಿಂದೆ ಬಾಯಿ ಕಟ್ಟಿ ಮಲಗಿದ್ದಳು.

"ಒಂದ್ ಕಾಲು ನನ್ ತೊಡೆ ಮ್ಯಾಕೆ ಇಡು."

"ಆಗಾಕಿಲ್ಲ. ಎತ್ತುದ್ರೆ ಜಾರ್ತೀನಿ."

"ಜಾರುದ್ರೆ ನನ್ ಮ್ಯಾಲೇ ಬೀಳ್ತೀಯ. ಊರೋರ್ಗೆಲ್ಲ ಮುಂದುಕ್ ನಡಿ ಅಂತೀಯಲ್ಲ, ಈಗ್ ಒಂದ್ ಕಾಲೆತ್ತು ನೋಡಾಣ!"

ಅವಳು ಅಳುತ್ತಾ ಎತ್ತಿದಳು. ಎಣ್ಣೆಯ ಬಟ್ಟೆ ಚರ್ಮಕ್ಕೆ ಅಂಟಿಕೊಂಡು ಬಿಡಲೊಲ್ಲದು. ಹೇಗೋ ಎಳೆದು ಬಿಸಾಡಿದೆ. ಅದು ಅಂಚು ದಾಟಿ ಬಿತ್ತು. ಬೀಳುವುದನ್ನು ನೀರು ಮುಟ್ಟುವವರೆಗೂ ನೋಡಿದೆ, ನೋಡದೆ ಇರಲಾಗಲಿಲ್ಲ. ಇನ್ನೊಂದನ್ನೂ ತೆಗೆದು, ವೇಲಿನಿಂದ ಅಂಗಾಲು ಒರೆಸಿ, ಬಿರುಕಿನಲ್ಲಿದ್ದ ಒಣಮಣ್ಣು ತಿಕ್ಕಿದೆ. "ಈಗ ಊರು" ಎಂದೆ. ಊರಿದಳು. ಪಾದ ನಿಂತಿತು.

ಇಬ್ಬರೂ ಪಕ್ಕಪಕ್ಕದಲ್ಲಿ ಕೂತು ಜರುಗುತ್ತಾ ದಾರಿಗೆ ಬಂದೆವು, ಹಾಗೆಯೇ ಬುಡದವರೆಗೂ ಇಳಿದೆವು. ಓರಗಿತ್ತಿಯೂ ಕೂತೇ ಇಳಿದಳು. ಕೆಳಗೆ ಬಂದ ಮೇಲೆ ನಾನು ವಾಂತಿ ಮಾಡಿಕೊಂಡೆ. ಕಂಡಕ್ಟರ್ ನನ್ನ ಬೆನ್ನು ಸವರುತ್ತಿದ್ದಳು.

ಅದಾದ ಮೇಲೆ ಕೆಲವು ವಾರ ಅವಳು ಬೆಟ್ಟದ ಸುದ್ದಿ ಎತ್ತಲಿಲ್ಲ. ಕೆರೆಯ ಪಾವಟಿಗೆಗಳನ್ನು ಇಳಿಯುವಾಗ ಗೋಡೆ ಹಿಡಿಯುತ್ತಿದ್ದಳು. ನಾವು ನೋಡುತ್ತೇವೇನೋ ಎಂದು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಹಾಗೆ ಕೈ ಎಳೆದುಕೊಂಡು ನಾನು ಎಷ್ಟು ವರ್ಷ ಬದುಕಿದ್ದೇನೆ.

ಒಂದು ಬೆಳಿಗ್ಗೆ ಏರಿಯ ಮೇಲೆ ನನ್ನ ಬಾಯಿಂದಲೇ ಮಾತು ಬಂತು. "ಭಾನ್ವಾರ ಬೆಟ್ಟುಕ್ಕೋಗಾಣ."

ಅವಳು ನಿಂತಳು. "ನಿಂಗ್ ಭಯ ಆಗಾಕಿಲ್ವಾ?"

"ಆಯ್ತದೆ" ಎಂದೆ. "ನೀನ್ ಮುಂದುಕ್ ನಡಿ, ನಾನ್ ಹಿಂದ್ಗಡೆ ಬತ್ತೀನಿ."