ವಾಮಂಜೂರಿನ ನಿದ್ದೆ ಟೀಚರ್

ಬೆಳಕು ಸರಿಯಾಗಿ ಹರಿದಿಲ್ಲ. ವಾಮಂಜೂರಿನ ಗದ್ದೆಗಳ ಮೇಲೆ ಮಂಜು ಇನ್ನೂ ಚಾಪೆ ಸುತ್ತಿಟ್ಟಿಲ್ಲ. ಯುವಕ ಮಂಡಲದ ಹಂಚಿನ ಕಟ್ಟಡದ ಹಿಂಬದಿಯಲ್ಲಿ ಸೀಮೆಎಣ್ಣೆ ಸ್ಟೌ ಬುಸುಗುಡುತ್ತಿದೆ. ಬಾಲವಾಡಿಯ ಟೀಚರ್ ಹೇಮಾಕ್ಷಿ ಬಿಸಿನೀರಿಗೆ ಹಾಲಿನ ಪುಡಿ ಹಾಕಿ ಗಂಟು ಒಡೆಯುತ್ತಿದ್ದಾರೆ. ಹಾಲು ಉಕ್ಕಿ ಬರುವ ಹೊತ್ತಿಗೆ ಸರಿಯಾಗಿ ಬಾಗಿಲಲ್ಲೊಂದು ನೆರಳು. ಅರವತ್ತು ದಾಟಿದ, ಬೀಡಿ ಕಟ್ಟಿ ಕಟ್ಟಿ ಬೆರಳ ತುದಿ ಕಪ್ಪಾದ ದೇಯಿಯಕ್ಕ. ಬಂದವರೇ ಕೈ ಚಾಚುತ್ತಾರೆ. ಹೇಮಾಕ್ಷಿ ಒಂದು ಲೋಟ ಹಾಲು ಕೊಡುತ್ತಾರೆ. ಆಕೆ ಮೂಸುತ್ತಾರೆ, ಲೋಟವನ್ನು ಓರೆ ಮಾಡಿ ತಳ ನೋಡುತ್ತಾರೆ, ಒಂದು ಗುಟುಕನ್ನು ಬಾಯೊಳಗೆ ತಿರುಗಿಸಿ ನುಂಗುತ್ತಾರೆ.

"ಹೂಂ. ಇನ್ನು ಮಕ್ಕಳಿಗೆ ಕೊಡಿ."

ಅಜ್ಜಿಕತೆಯ ಅರಮನೆಯಲ್ಲಿ ರಾಜನ ತಟ್ಟೆಯ ಅನ್ನವನ್ನು ಮೊದಲು ಇನ್ನೊಬ್ಬರು ತಿಂದು ನೋಡಬೇಕು. ಇಲ್ಲಿ ಅರಮನೆಯೂ ಇಲ್ಲ, ರಾಜನೂ ಇಲ್ಲ. ಮೂಗು ಸುರಿಸಿಕೊಂಡು ಬರುವ ಮೂವತ್ತು ಚಿಳ್ಳೆಪಿಳ್ಳೆಗಳು ಮಾತ್ರ. ಆದರೂ ಈ ಪರೀಕ್ಷೆ ಮೂರು ವರ್ಷಗಳಿಂದ ನಡೆಯುತ್ತಿದೆ. ಅದಕ್ಕೆ ಕಾರಣ ಹಾಲಲ್ಲ, ಗೋಡೆಯ ಮೊಳೆಗೆ ನೇತುಹಾಕಿದ ಬಟ್ಟೆಚೀಲದೊಳಗಿನ ಒಂದು ಪುಸ್ತಕ.

ಹೇಮಾಕ್ಷಿ ಹುಟ್ಟಿದ್ದು ಉಳ್ಳಾಲದಲ್ಲಿ. ಮದುವೆಯಾಗಿ ಹೊಳೆ ದಾಟಿ ಈ ಕಡೆ ಬಂದವರು. ಬಾಲವಾಡಿಗೆ ಸೇರಿದ ಹೊಸತರಲ್ಲಿ ಅವರನ್ನು ಕಾಡಿದ್ದು ಮಕ್ಕಳ ತೂಕಡಿಕೆ. ಬೆಳಿಗ್ಗೆ ಒಂಬತ್ತು ಗಂಟೆಗೇ ಅರ್ಧ ಮಕ್ಕಳು ಗೋಡೆಗೆ ಒರಗಿ ನಿದ್ದೆ, ಉಳಿದರ್ಧ ಅಳು. ಮನೆಮನೆಗೆ ಹೋಗಿ ನೋಡಿದರೆ ಕಾರಣ ಚಿಮಿಣಿ ದೀಪದ ಬುಡದಲ್ಲೇ ಇತ್ತು. ಮರುದಿನ ಬೀಡಿ ಕಂಪೆನಿಯ ಬ್ರಾಂಚಿಗೆ ಕೊಡಬೇಕಾದ ಬೀಡಿ ಮುಗಿಯುವ ತನಕ ತಾಯಂದಿರು ಎಲೆ, ಹೊಗೆಸೊಪ್ಪಿನ ಗೆರಸೆ ಬಿಟ್ಟು ಏಳುವಂತಿಲ್ಲ. ಮಕ್ಕಳು ಬೀಡಿ ಎಲೆಗಳ ನಡುವೆ ಹೊರಳಾಡಿ, ಪೆಟ್ಟು ತಿಂದು, ತಡರಾತ್ರಿ ಬಿದ್ದಲ್ಲೇ ನಿದ್ದೆ ಹೋಗುತ್ತಿದ್ದವು.

"ಮಲಗು ಮಲಗು ಅಂತ ಹೊಡೆದ್ರೆ ಯಾವ ಮಗು ಮಲಗ್ತದೆ ಹೇಳಿ? ಆದರೆ ಇನ್ನೊಬ್ಬರನ್ನು ಮಲಗಿಸುವ ಕೆಲಸ ಕೊಟ್ಟು ನೋಡಿ, ದೊಡ್ಡವರ ಹಾಗೆ ಮಾಡ್ತಾವೆ," ಎನ್ನುತ್ತಾರೆ ಹೇಮಾಕ್ಷಿ.

ಹಂಪನಕಟ್ಟೆಯ ಪ್ರೆಸ್ಸೊಂದರಲ್ಲಿ ಬೈಂಡಿಂಗ್ ಮಾಡುವ ಇಸಿದೋರ್ ಕೊಟ್ಟ ರಟ್ಟಿನ ತುಂಡುಗಳು, ಹಳೆ ಕ್ಯಾಲೆಂಡರಿನ ಬೆನ್ನು, ಹರಿದ ಸೀರೆಯ ಅಂಚು. ಇವಿಷ್ಟರಿಂದ ಹೇಮಾಕ್ಷಿ ಮಾಡಿದ ಪುಸ್ತಕದಲ್ಲಿ ಪುಟ್ಟಿ ಎಂಬ ಕಾಗದದ ಹುಡುಗಿ ಹುಟ್ಟಿದಳು. ಮೊದಲ ಪುಟದಲ್ಲಿ ಕಾಗದದ ಪಟ್ಟಿ ಎಳೆದರೆ ಚೆಂಬು ಬಗ್ಗಿ ಪುಟ್ಟಿಯ ಕಾಲಿಗೆ ನೀರು ಬೀಳುತ್ತದೆ. ಮುಂದಿನದರಲ್ಲಿ ಅವಳ ಬಾಯಿ ತೊಳೆಸಬೇಕು. ಬಾಗಿಲು ಮಡಚಿದರೆ ಮುಚ್ಚುತ್ತದೆ, ಚಾಪೆ ಬಿಚ್ಚಿಕೊಳ್ಳುತ್ತದೆ, ದೀಪದ ಮೇಲೆ ಕಪ್ಪು ಬಟ್ಟೆ ಇಳಿಯುತ್ತದೆ. ಕೊನೆಯ ಪುಟದಲ್ಲಿ ಸೀರೆಯಂಚಿನ ಹೊದಿಕೆ ಹೊದೆಸಿ ದಾರ ಎಳೆದರೆ ಪುಟ್ಟಿ ಮೆಲ್ಲನೆ ಕಣ್ಣು ಮುಚ್ಚುತ್ತಾಳೆ. ದಾರ ಸಡಿಲಿಸಿದರೆ ಬೆಳಗಾಗುತ್ತದೆ.

ಇದ್ದದ್ದು ಒಂದೇ ಪುಸ್ತಕ. ದಿನಕ್ಕೊಂದು ಮಗು ಅದನ್ನು ಚೀಲದಲ್ಲಿ ಹಾಕಿ ಮನೆಗೆ ಒಯ್ಯಬೇಕು, ಪುಟ್ಟಿಯನ್ನು ಮಲಗಿಸಿ ತಾನೂ ಮಲಗಬೇಕು. ಹೇಮಾಕ್ಷಿ ಎಡವಿದ್ದು ಇಲ್ಲಿ. ಪುಟ್ಟಿ ಮಲಗಿದ ಮೇಲೆ ಯಾರೂ ಪುಸ್ತಕ ತೆರೆಯಬಾರದು, ದೊಡ್ಡವರು ಕೇಳಿದರೂ ತೋರಿಸಬಾರದು, ಅವಳಿಗೆ ಎಚ್ಚರ ಆಗ್ತದೆ ಎಂದು ಮಕ್ಕಳಿಗೆ ತಾಕೀತು ಮಾಡಿಬಿಟ್ಟರು.

ಮಕ್ಕಳು ಮಾತು ಉಳಿಸಿಕೊಂಡರು. ಹೊತ್ತು ಮುಳುಗಿ ಸ್ವಲ್ಪದರಲ್ಲೇ, ಪುಸ್ತಕ ತಮ್ಮ ಮನೆಗೆ ಬಾರದ ದಿನವೂ, ಯಾರೂ ಹೇಳದೆ, ಕಾಲು ತೊಳೆದು ಸಾಲಾಗಿ ಮಲಗತೊಡಗಿದರು. ಚೀಲದಲ್ಲಿ ಎಂತ ಉಂಟು ಎಂದು ಕೇಳಿದರೆ ಬಾಯಿಗೆ ಬೆರಳು. ಊರು ಬೆಚ್ಚಿತು. ರಚ್ಚೆ ಹಿಡಿಯುತ್ತಿದ್ದ ಮಕ್ಕಳು ಹೀಗೆ ಕೊರಡಿನಂತೆ ಮಲಗುವುದೆಂದರೇನು?

ಮೊದಲು ಬಾಯಿ ತೆರೆದವರು ದೇಯಿಯಕ್ಕ. "ಹೊಳೆ ಆಚೆಯಿಂದ ಬಂದವಳು. ಎಂತೆಲ್ಲ ಗೊತ್ತುಂಟೋ ಯಾರಿಗೆ ಗೊತ್ತು ಮಾರಾಯ್ತಿ? ಹಾಲಿಗೆ ಮದ್ದು ಹಾಕಿದ್ದಾಳೆ."

ಈ ಸೀಮೆಯಲ್ಲಿ ಮದ್ದು ಹಾಕುವುದೆಂದರೆ ಸಣ್ಣ ಮಾತಲ್ಲ. ಅನ್ನದಲ್ಲಿ ಗುಟ್ಟಾಗಿ ಬೆರೆಸಿಕೊಟ್ಟರೆ ತಿಂದವರು ಹಾಕಿದವರ ಅಡಿಯಾಳಾಗುತ್ತಾರೆಂಬ ಭಯ. ಒಬ್ಬಳು ತಾಯಿ ಮಗುವಿನ ಬಾಯಿ ಮೂಸಿದಳು. ಇನ್ನೊಬ್ಬಳು ಸೊಂಟಕ್ಕೆ ಕಪ್ಪು ದಾರ ಕಟ್ಟಿ ಕಳಿಸಿದಳು. ಬಾವಿಕಟ್ಟೆಗೆ ಹೇಮಾಕ್ಷಿ ಹೋದರೆ ಮಾತು ನಿಲ್ಲುತ್ತಿತ್ತು, ಕೊಡಪಾನಗಳು ಬೇಗಬೇಗ ತುಂಬುತ್ತಿದ್ದವು. ಕೊನೆಗೆ ಅವರಿಗೂ ಎಲ್ಲರ ಮೇಲೆ ಅನುಮಾನ. ನಗುವವರು ಏಕೆ ನಕ್ಕರು? ನಗದವರು ಏಕೆ ನಗಲಿಲ್ಲ?

ಬಾಲವಾಡಿಯಲ್ಲಿ ನಾಲ್ಕೈದು ಮಕ್ಕಳು ಉಳಿದರು. ನೋಡಲು ಬಂದ ಮೇಲ್ವಿಚಾರಕಿ, ಹೀಗೇ ಆದರೆ ಬಾಗಿಲು ಹಾಕಬೇಕಾಗುತ್ತದೆ ಎಂದು ಹೇಳಿ ಹೋದರು. ಪುಸ್ತಕ ದೇಯಿಯಕ್ಕನ ಮೊಮ್ಮಗಳು ಆಶಾಲತಾಳ ಬಳಿ ಇತ್ತು. ಕೇಳಲು ಹೋದರೆ ಆ ಮನೆಯ ಬಾಗಿಲು ತೆರೆಯಲಿಲ್ಲ.

ಮುಂದಿನದನ್ನು ದೇಯಿಯಕ್ಕನೇ ಹೇಳುತ್ತಾರೆ. "ಬಾಲೆಯನ್ನು ಮನೆಯಲ್ಲೇ ಇಟ್ಕೊಂಡೆ. ನನ್ನ ಕೈಯ ಗಂಜಿ ಬಿಟ್ರೆ ಬೇರೆ ಎಂತದೂ ಕೊಡ್ಲಿಲ್ಲ. ಬಾಲವಾಡಿಯ ಹಾಲು ಇಲ್ಲ, ಉಪ್ಪಿಟ್ಟು ಇಲ್ಲ. ಆದ್ರೂ ಸಂಜೆ ಆದ್ರೆ ಕಾಲು ತೊಳೀತದೆ, ಬಾಗಿಲು ಹಾಕ್ತದೆ, ಮಲಗ್ತದೆ! ಹಾಗಾದ್ರೆ ಮದ್ದು ಹಾಲಲ್ಲಿ ಅಲ್ಲ, ಚೀಲದಲ್ಲಿ ಅಂತ ನನಗೆ ಖಾತ್ರಿ ಆಯ್ತು. ಒಂದು ಮಧ್ಯಾಹ್ನ ಅದು ಆಟಕ್ಕೆ ಹೋದಾಗ ಬಿಚ್ಚಿದೆ. ಎಳೆದ್ರೆ ಕಣ್ಣು ಮುಚ್ತದೆ, ಬಿಟ್ರೆ ತೆರೀತದೆ. ಇದರ ಒಳಗೆ ಎಂತ ಉಂಟು ಅಂತ ಮತ್ತೆ ಎಳೆದೆ. ಮತ್ತೆ ಎಳೆದೆ."

"ಎಷ್ಟು ಸಲ ಅಂತ ಹೇಳಿ," ಎಂದು ಹೇಮಾಕ್ಷಿ ಕೆಣಕುತ್ತಾರೆ.

"ಲೆಕ್ಕ ಇಟ್ಟಿಲ್ಲ ಟೀಚರೇ. ನನ್ನ ಬೀಡಿ ಮಾತ್ರ ಅವತ್ತು ಅರ್ಧವೇ ಆದದ್ದು."

ದಾರ ತುಂಡಾಯಿತು. ಆ ಸಂಜೆ ಆಶಾಲತಾ ಹೊದಿಕೆ ಹೊದೆಸಿ ನೋಡಿದರೆ ಪುಟ್ಟಿಯ ಕಣ್ಣು ಅಗಲವಾಗಿ ತೆರೆದೇ ಇದೆ. ಪುಟ್ಟಿ ಮಲಗದೆ ತಾನು ಮಲಗುವುದು ಹೇಗೆ? ಮಗು ಅತ್ತಿತು, ಮನೆಮಂದಿಯನ್ನೆಲ್ಲ ಎಬ್ಬಿಸಿ ಕೂರಿಸಿತು. ಬೆಳಕು ಹರಿಯುವ ಮೊದಲೇ ದೇಯಿಯಕ್ಕ ಚೀಲವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಾಲವಾಡಿಯ ಬಾಗಿಲಿಗೆ ಬಂದು ನಿಂತರು.

"ಟೀಚರೇ, ಇದರ ಕಣ್ಣು ಒಮ್ಮೆ ಮುಚ್ಚಿಸಿ ಕೊಡಿ."

ಹೇಮಾಕ್ಷಿ ಬೈಯಲಿಲ್ಲ. ಆಕೆಯ ಎದುರಿಗೇ ಪುಟದ ಬೆನ್ನಿನ ಕಾಗದ ಬಿಡಿಸಿದರು. ಒಳಗೆ ರೆಪ್ಪೆ ಬರೆದ ಒಂದು ಚೂರು ರಟ್ಟು, ಒಂದು ಗಂಟು ದಾರ.

"ಇಷ್ಟೇನಾ?"

"ಇಷ್ಟೇ ದೇಯಿಯಕ್ಕ."

ದೇಯಿಯಕ್ಕ ರಟ್ಟನ್ನು ತಿರುಗಿಸಿ ಮುರುಗಿಸಿ ನೋಡಿದರು. ಮೂಸಿದರು. ಆಮೇಲೆ ಸ್ಟೌ ಕಡೆ ಕಣ್ಣು ಹಾಯಿಸಿ ಹೇಳಿದರು, "ಹಾಗಾದ್ರೆ ಆ ಹಾಲು ಸ್ವಲ್ಪ ತನ್ನಿ, ನೋಡುವ."

ಕುಡಿದು ಸಂಜೆಯವರೆಗೆ ತನಗೆ ನಿದ್ದೆ ಬರುತ್ತದೋ ಎಂದು ಕಾದರು. ಬರಲಿಲ್ಲ. ಮಾರನೆಯ ದಿನ ಬೀಡಿ ಬ್ರಾಂಚಿನ ಜಗಲಿಯಲ್ಲಿ ನಿಂತು, ಹಾಲಲ್ಲಿ ಎಂತದೂ ಇಲ್ಲ, ಪುಸ್ತಕದಲ್ಲಿಯೂ ಇಲ್ಲ, ನಾನು ಎರಡನ್ನೂ ನೋಡಿದ್ದೇನೆ ಎಂದರು. ಅನುಮಾನ ಹುಟ್ಟಿಸಿದ ಬಾಯಿಯೇ ಹೇಳಿದ್ದರಿಂದ ಊರು ಒಪ್ಪಿತು. ಮಕ್ಕಳು ಒಬ್ಬೊಬ್ಬರಾಗಿ ಹಿಂದಿರುಗಿದರು. ದೇಯಿಯಕ್ಕ ಮಾತ್ರ ದಿನಾ ಬೆಳಿಗ್ಗೆ ಬಂದು ಹಾಲು ನೋಡುವುದನ್ನು ಬಿಡಲಿಲ್ಲ. ಹೇಮಾಕ್ಷಿ ತಾಕೀತನ್ನು ತಿದ್ದಿದರು. ಈಗ ಪುಟ್ಟಿಯನ್ನು ಮಲಗಿಸುವಾಗ ಮನೆಯ ದೊಡ್ಡವರೊಬ್ಬರು ಪಕ್ಕದಲ್ಲಿ ಕೂರಲೇಬೇಕು. ಬೀಡಿಯ ಗೆರಸೆ ಅಷ್ಟು ಹೊತ್ತು ಕಾಯುತ್ತದೆ.

ಪುಟ್ಟಿಗೆ ಮೂರು ಸಲ ಹೊಸ ದಾರ ಹಾಕಿದ್ದಾಗಿದೆ. ಈ ವರ್ಷದ ಮಳೆಗಾಲದಲ್ಲಿ ದೇಯಿಯಕ್ಕ ಜ್ವರ ಬಂದು ಮಲಗಿದ್ದಾಗ ಹಾಲು ಆರುತ್ತಾ ಕೂತಿತ್ತಂತೆ. ನೋಡಿಯೇ ಕೊಡಿ ಎಂದು ತಾಯಂದಿರು ಯಾರೂ ಕೇಳಲಿಲ್ಲ. ಆದರೆ ಮಕ್ಕಳಿಗೆ ಕೊಡಲು ಹೇಮಾಕ್ಷಿಗೇ ಕೈ ಬರಲಿಲ್ಲ. ಲೋಟ ಹಿಡಿದು ಆ ಮನೆಗೇ ನಡೆದರು.

ನಿಮ್ಮ ಆಸೆ ಏನೆಂದು ಕೇಳಿದರೆ ಹೇಮಾಕ್ಷಿ ಲೋಟಗಳನ್ನು ಸಾಲಾಗಿ ಇಡುತ್ತಾ ನಗುತ್ತಾರೆ. "ದೊಡ್ಡದು ಎಂತದೂ ಇಲ್ಲ. ಒಂದು ದಿನ ದೇಯಿಯಕ್ಕ, ಇವತ್ತು ನೋಡುವುದು ಬೇಡ, ಹಾಗೇ ಕೊಡಿ ಟೀಚರೇ ಅಂದ್ರೆ ಸಾಕು."

ಹೊಸ್ತಿಲ ಮೇಲೆ ಕೂತ ದೇಯಿಯಕ್ಕ ಖಾಲಿ ಲೋಟವನ್ನು ಕೆಳಗಿಡುತ್ತಾರೆ.

"ಅದೊಂದು ಆಗ್ಲಿಕ್ಕಿಲ್ಲ. ನಾಳೆ ಸಕ್ಕರೆ ಸ್ವಲ್ಪ ಕಮ್ಮಿ ಹಾಕಿ."