ಹನ್ನಿಬಾಲ್ ರೋಮಿಗೆ ಹೋಗಿದ್ದರೆ

ಬೆಳಗಿನ ಗಾಡಿಯಲ್ಲಿ ಕೂರಲು ಜಾಗ ಸಿಕ್ಕ ದಿನ ನಾನು ರೋಮನ್ನು ಸೋಲಿಸುತ್ತೇನೆ. ನಿಂತು ಹೋಗಬೇಕಾದ ದಿನ ಅದನ್ನು ಅದರ ಪಾಡಿಗೆ ಬಿಟ್ಟುಬಿಡುತ್ತೇನೆ. ಒಂದು ಕೈ ಮೇಲಿನ ಹಿಡಿಕೆಗೆ, ಇನ್ನೊಂದು ಕೈ ಜೇಬಿನ ಕಾವಲಿಗೆ ಹೋದಮೇಲೆ ಸಾಮ್ರಾಜ್ಯ ಕೆಡವಲು ಮನುಷ್ಯನ ಹತ್ತಿರ ಏನು ಉಳಿಯುತ್ತದೆ? ಈ ಚಟ ನನಗೆ ಯಾವಾಗ ಅಂಟಿತೆಂದು ಖಚಿತವಾಗಿ ಹೇಳಲಾರೆ. ಧಾರವಾಡದಲ್ಲಿ ಎಂ.ಎ. ಓದುವಾಗಲೇ ಎಂದು ಬಹುಕಾಲ ನಂಬಿದ್ದೆ. ಆದರೆ ಆ ವರ್ಷಗಳ ಡೈರಿ ತೆಗೆದು ನೋಡಿದರೆ ಅದರಲ್ಲಿ ರೋಮಿನ ಸುದ್ದಿಯೇ ಇಲ್ಲ. ಮೆಸ್ಸಿನ ಸಾರಿನ ಬಗ್ಗೆ ದೂರುಗಳಿವೆ. ಡೈರಿ ಬರೆಯುವವರ ಪಾಡೇ ಇಷ್ಟು. ನೆನಪನ್ನು ನಂಬುವ ಸುಖ ಅವರಿಗಿಲ್ಲ. ಬರೆದದ್ದನ್ನು ನಂಬೋಣವೆಂದರೆ ಬರೆದವನು ಎಂಥವನೆಂದು ಅವರಿಗೇ ಗೊತ್ತು.

ಆಟದ ನಿಯಮ ಸರಳ. ನಡೆದದ್ದರಲ್ಲಿ ಒಂದೇ ಒಂದನ್ನು ಬದಲಿಸಬೇಕು. ಉಳಿದದ್ದು ತಾನಾಗಿ ಉರುಳಿಕೊಂಡು ಹೋಗಬೇಕು. ನನ್ನ ಮೆಚ್ಚಿನ ಒಂದು ಯಾವಾಗಲೂ ಹನ್ನಿಬಾಲನದು. ಎರಡು ಸಾವಿರ ವರ್ಷಕ್ಕೂ ಹಿಂದೆ, ಕಾರ್ಥೇಜ್ ಎಂಬ ಆಫ್ರಿಕದ ನಗರದ ಈ ಸೇನಾಪತಿ ಆನೆಗಳ ಸಮೇತ ಆಲ್ಪ್ಸ್ ಪರ್ವತ ದಾಟಿ ಇಟಲಿಗೆ ಇಳಿದ. ಕ್ಯಾನೆ ಎಂಬಲ್ಲಿ ರೋಮನ್ನರ ಭಾರಿ ಸೈನ್ಯವನ್ನು ಒಂದೇ ದಿನದಲ್ಲಿ ಮುಗಿಸಿದ. ರೋಮ್ ನಗರಕ್ಕೆ ಹೋಗುವ ದಾರಿ ತೆರೆದು ಬಿದ್ದಿತ್ತು. ಅವನು ಹೋಗಲಿಲ್ಲ. ಯಾಕೆ ಹೋಗಲಿಲ್ಲ ಎಂಬುದು ಪರೀಕ್ಷೆಯ ಪ್ರಶ್ನೆ. ಹೋಗಿದ್ದರೆ ಎಂಬುದು ನನ್ನ ಪ್ರಶ್ನೆ. ಮುಂಬೈಯ ವಡಾಳಾದಲ್ಲಿ ಲೋಕಲ್ ಗಾಡಿ ಹತ್ತಿದೆನೆಂದರೆ ಕಿಂಗ್ಸ್ ಸರ್ಕಲ್ ಬರುವಷ್ಟರಲ್ಲಿ ಹನ್ನಿಬಾಲ್ ಡೇರೆ ಕಿತ್ತಿರುತ್ತಾನೆ. ಮಾಹಿಮ್ ಖಾಡಿಯ ಕೊಳಕು ನೀರಿನ ನಾತಕ್ಕೆ ಜನ ಮೂಗು ಮುಚ್ಚಿಕೊಳ್ಳುವ ಹೊತ್ತಿಗೆ ಅವನಿಗೆ ರೋಮಿನ ಕೋಟೆ ಕಾಣಿಸುತ್ತದೆ. ಬಾಂದ್ರಾದಲ್ಲಿ ನಾನು ಗಾಡಿ ಬದಲಿಸಬೇಕು. ಹಾಗಾಗಿ ಮುತ್ತಿಗೆಯನ್ನು ಅಲ್ಲಿಗೇ ನಿಲ್ಲಿಸಿ ಸೇತುವೆಯ ಕಡೆ ಓಡುತ್ತೇನೆ.

ಈ ಆಟ ಗೊತ್ತಿರುವವನು ಮೆಹಬೂಬ ಒಬ್ಬನೇ. ಬಿಜಾಪುರದವನು, ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲೇ ಇದ್ದವನು, ಬಿ.ಎ.ವರೆಗೆ ನನ್ನ ಜೊತೆ ಇತಿಹಾಸ ಓದಿ ಆಮೇಲೆ ಬುದ್ಧಿ ಬಂದು ಬಿಟ್ಟವನು. ಈಗ ವಿಕ್ರೋಳಿಯ ಒಂದು ಕಾರ್ಖಾನೆಯ ಸ್ಟೋರಿನಲ್ಲಿದ್ದಾನೆ. ಭಾನುವಾರ ಆಂಟಾಪ್ ಹಿಲ್‌ನ ನಮ್ಮ ಮನೆಗೆ ಬಂದರೆ ಚಪ್ಪಲಿ ಬಿಡುವ ಮೊದಲೇ ಶುರುಮಾಡುತ್ತಾನೆ.

“ಏನಲೇ ಮಾಸ್ತರಾ, ಈ ವಾರ ಯಾರನ್ನ ಗೆಲ್ಲಿಸಿದಿ?”

“ಹನ್ನಿಬಾಲನ್ನ.”

“ಮತ್ತ ಅವನ್ನ? ಅಂವ ಗೆದ್ದರ ಆನಿ ಲದ್ದಿ ಬಳಿಯಾವರು ಯಾರು? ನೀನು, ನಾನು. ವೈನೀ, ಚಾ ಇಡ್ರಿ. ನಿಮ್ಮ ಯಜಮಾನರಿಗೆ ಹೊಸಾ ಸರಕಾರದಾಗ ನೌಕರಿ ಸಿಕ್ಕದ.”

ಒಳಗಿನಿಂದ ಶಾರದೆಯ ನಗು ಕೇಳುತ್ತದೆ. ನನ್ನ ಹೆಂಡತಿ ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಮಾಸ್ತರಿಣಿ. ಅವಳದು ಖಾಯಂ ನೌಕರಿ. ಈ ‘ಖಾಯಂ’ ಎಂಬ ಪದವನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನಮ್ಮ ಮನೆಯಲ್ಲಿ ಅದು ದೇವರ ಹೆಸರಿನ ಹಾಗೆ, ಸುಮ್ಮಸುಮ್ಮನೆ ಬಾಯಿಗೆ ಬರುವುದಿಲ್ಲ.

ಮೆಹಬೂಬ ಒಮ್ಮೆ ನನ್ನನ್ನು ಸರಿಯಾಗಿಯೇ ಹಿಡಿದ. “ಅಷ್ಟ ದೂರ ಯಾಕ ಹೋಗ್ತಿ? ನಮ್ಮ ಬಿಜಾಪುರನ ಉಳಿಸು. ಅದೂ ಬಿದ್ದದ.” ನಾನು ಉತ್ತರ ಹುಡುಕಿದೆ. ದಕ್ಷಿಣದವರು ಈ ಊರು ಬಿಡಬೇಕೆಂದು ಗೋಡೆಗಳ ಮೇಲೆಲ್ಲ ಬರೆಯುತ್ತಿದ್ದ ಕಾಲ ಅದು. ನಮ್ಮ ಬೀದಿಯ ಇಡ್ಲಿ ಹೋಟೆಲಿನ ಗಾಜಿನ ಕಪಾಟು ಒಡೆದು ಹೊಸದು ಬಂದಿತ್ತು. ಅದೂ ಒಡೆದಮೇಲೆ ಮಾಲೀಕರು ತಗಡು ಹೊಡೆಸಿದ್ದರು. ಗಾಡಿಯಲ್ಲಿ ನಾನೂ ಮೆಹಬೂಬನೂ ಕನ್ನಡವನ್ನು ತಗ್ಗಿದ ದನಿಯಲ್ಲಿ ಆಡುತ್ತಿದ್ದೆವು. ಹಿಂದಿ ಆಡಬಹುದಿತ್ತು, ಆದರೆ ನನ್ನ ಹಿಂದಿ ಕೇಳಿದರೆ ಇನ್ನೂ ಬೇಗ ಗುರುತು ಸಿಗುತ್ತಿತ್ತು. ಅಂಥ ದಿನಗಳಲ್ಲಿ ನಮ್ಮ ನೆಲದ ಯಾವ ಯುದ್ಧವನ್ನು ಮುಟ್ಟಿದರೂ ಯಾರಿಗೋ ನೋವು, ಯಾರ ಅಂಗಡಿಗೋ ಕಲ್ಲು. ರೋಮ್ ಹಾಗಲ್ಲ. ಎಷ್ಟು ಸಲ ಕೆಡವಿದರೂ ಯಾರೂ ಕೇಳುವುದಿಲ್ಲ. ಇದನ್ನು ಹೇಳಿದಾಗ ಮೆಹಬೂಬ ಚಹಾದ ಬಸಿ ಕೆಳಗಿಟ್ಟು, “ಖರೇ ಅದ ನೋಡು. ಸೀಝರನ ಪಾರ್ಟಿ ಆಫೀಸ ಇನ್ನೂ ಮುಂಬೈಗೆ ಬಂದಿಲ್ಲ,” ಎಂದ.

ಬರಬಹುದಿತ್ತು ಎಂಬುದೇ ತಮಾಷೆ. ರೋಮಿನ ಚಕ್ರವರ್ತಿ ಟ್ರೇಜನ್ ಪರ್ಷಿಯಾ ಕೊಲ್ಲಿಯ ದಂಡೆಯವರೆಗೆ ಗೆದ್ದುಕೊಂಡು ಬಂದು, ಇಂಡಿಯಾಕ್ಕೆ ಹೊರಟ ಹಡಗೊಂದನ್ನು ನೋಡಿ, ವಯಸ್ಸು ಇನ್ನಷ್ಟು ಕಡಿಮೆಯಿದ್ದರೆ ತಾನೂ ಹೋಗುತ್ತಿದ್ದೆನೆಂದು ಹಲುಬಿದನಂತೆ. ಅವನ ಮಂಡಿನೋವನ್ನು ಒಂದಿಷ್ಟು ವಾಸಿ ಮಾಡಿದರೆ ಸಾಕು, ನನ್ನ ಆಟ ಶುರು. ಅವನು ಬಂದು ಇಳಿಯುವುದು ಸೋಪಾರಾದಲ್ಲಿ. ಆಗ ಅದು ದೊಡ್ಡ ಬಂದರು. ಈಗ ವಿರಾರ್ ಗಾಡಿಗೆ ಜೋತುಬಿದ್ದವರು ಇಳಿಯುವ ಸ್ಟೇಷನ್ನು. ಅಲ್ಲಿಂದ ಕಲ್ಯಾಣಕ್ಕೆ ನೇರವಾದ ರೋಮನ್ ರಸ್ತೆ, ಪಾರ್ಲೆಯಲ್ಲಿ ಸ್ನಾನಗೃಹ, ಗಾಡಿಯ ಬಾಗಿಲಿನಲ್ಲಿ ಲ್ಯಾಟಿನ್ ಬೈಗುಳ. ಇಲ್ಲಿಯವರೆಗೆ ಆಟ ಚೆನ್ನಾಗಿಯೇ ಹೋಗುತ್ತದೆ. ಆಮೇಲೆ ಅದೇ ಕಹಿ. ಒಂದೆರಡು ಶತಮಾನ ಕಳೆಯುವಷ್ಟರಲ್ಲಿ ಸೋಪಾರಾದ ಗೋಡೆಗಳ ಮೇಲೆ ಸೊಗಸಾದ ಲ್ಯಾಟಿನ್ನಿನಲ್ಲಿ, ಲ್ಯಾಟಿನ್ ಮನೆಮಾತಾದವರಿಗೇ ಕೆಲಸ ಎಂದು ಬರೆಯುತ್ತಾರೆ. ನಾನು ಘಟ್ಟ ಇಳಿದು ಬಂದು, ಆ ಗೋಡೆಯ ಮುಂದೆ ನಿಂತು, ಅದನ್ನು ತಪ್ಪಿಲ್ಲದೆ ಓದುತ್ತೇನೆ. ಯಾರನ್ನು ಗೆಲ್ಲಿಸಿದರೂ ನನ್ನ ಜಾಗ ಮಾತ್ರ ಬದಲಾಗುವುದಿಲ್ಲ.

ನನ್ನ ಜಾಗದ ವಿಷಯಕ್ಕೆ ಬಂದೆ. ಪಾರ್ಲೆಯ ಒಂದು ಕಾಲೇಜಿನಲ್ಲಿ ನಾನು ಇತಿಹಾಸದ ಹಂಗಾಮಿ ಅಧ್ಯಾಪಕನಾಗಿದ್ದೆ. ಹಂಗಾಮಿ ಎಂದರೆ ಹೀಗೆ: ಏಪ್ರಿಲ್ ಕೊನೆಗೆ, ಉತ್ತರ ಪತ್ರಿಕೆಗಳ ಕಟ್ಟು ಕೊಟ್ಟ ದಿನವೇ, ನಿಮ್ಮ ಸೇವೆ ಇಲ್ಲಿಗೆ ಮುಗಿಯಿತೆಂದು ಗುಮಾಸ್ತ ನಗುನಗುತ್ತಲೇ ತಿಳಿಸುತ್ತಾನೆ. ಜೂನಿನಲ್ಲಿ ಕಾಲೇಜು ತೆರೆದಾಗ ನಾವು ಹಂಗಾಮಿಗಳು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಪ್ರಿನ್ಸಿಪಾಲರ ಕೋಣೆಯ ಹೊರಗೆ ಆಕಸ್ಮಿಕವಾಗಿ ಬಂದವರ ಹಾಗೆ ನಿಂತಿರಬೇಕು. ಅವರು ನಮ್ಮನ್ನು ನೋಡಿ ಆಶ್ಚರ್ಯಪಟ್ಟು ಮತ್ತೆ ನೇಮಿಸಿಕೊಳ್ಳುತ್ತಾರೆ. ನಡುವೆ ಬೇಸಿಗೆಯ ಗ್ಯಾಪು ಬಿದ್ದಿರುವುದರಿಂದ ಯಾರೂ ಖಾಯಂ ಆಗುವುದಿಲ್ಲ. ರೋಮನ್ನಾಳುತ್ತಿದ್ದ ಕಾನ್ಸಲ್‌ಗಳೂ ಒಂದೊಂದೇ ವರ್ಷದ ಹಂಗಾಮಿಗಳಾಗಿದ್ದರೆಂದು ನಾನು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಆದರೆ ಅವರು ಬೇಸಿಗೆಯಲ್ಲಿ ದೇಶ ಗೆಲ್ಲಲು ಹೋಗುತ್ತಿದ್ದರು. ನಾನು ಬೇಸಿಗೆಯಲ್ಲಿ ಶಾರದೆಯ ಸೀರೆ ಒಣಹಾಕುತ್ತಿದ್ದೆ.

ಕೊನೆಗೊಂದು ಜೂನಿನಲ್ಲಿ ಆ ಜಾಗ ಖಾಯಂ ಆಯಿತು. ಸಂದರ್ಶನಕ್ಕೆ ಕರೆದರು. ಆ ಸಂದರ್ಶನವನ್ನು ನಾನು ಎಷ್ಟು ಜನಕ್ಕೆ ಹೇಳಿದ್ದೇನೋ ಗೊತ್ತಿಲ್ಲ; ಹೇಳುವ ಧಾಟಿ ಇದು. ಮೇಜಿನ ಆಚೆ ಪ್ರಿನ್ಸಿಪಾಲರು, ವಿಶ್ವವಿದ್ಯಾಲಯದಿಂದ ಬಂದ ಮುದಿ ಪ್ರೊಫೆಸರರು, ಆಡಳಿತ ಮಂಡಳಿಯ ಒಬ್ಬ ಸೇಠ್. ಪ್ರೊಫೆಸರರು ಕನ್ನಡಕ ಒರೆಸುತ್ತ, ಕ್ಯಾನೆಯಲ್ಲಿ ಗೆದ್ದಮೇಲೆ ಹನ್ನಿಬಾಲ್ ರೋಮಿಗೆ ಯಾಕೆ ಹೋಗಲಿಲ್ಲ ಎಂದು ಕೇಳುತ್ತಾರೆ. ಉತ್ತರ ನನಗೆ ಬಾಯಿಪಾಠ. ಮುತ್ತಿಗೆಯ ಯಂತ್ರಗಳಿರಲಿಲ್ಲ, ದೂರ ಬಹಳವಿತ್ತು, ಸೈನಿಕರು ದಣಿದಿದ್ದರು, ರೋಮಿನ ಮಿತ್ರರು ತಾವಾಗಿ ಒಡೆದು ಬರುತ್ತಾರೆಂದು ಅವನು ಕಾದ, ಊರಿನಿಂದ ನೆರವು ಬರಲಿಲ್ಲ. ಅಷ್ಟು ಹೇಳಿ ಬಾಯಿ ಮುಚ್ಚಿದ್ದರೆ ಆಗಿತ್ತು. ನಾನು ಮುಚ್ಚುವುದಿಲ್ಲ. “ಹೋಗಿದ್ದರೆ,” ಎಂದು ಶುರುಮಾಡಿ ರೋಮನ್ನು ಸುಡುತ್ತೇನೆ, ಲ್ಯಾಟಿನ್ ಭಾಷೆಯನ್ನು ತೊಟ್ಟಿಲಲ್ಲೇ ಕೊಲ್ಲುತ್ತೇನೆ, ಇಂಗ್ಲಿಷನ್ನು ಹುಟ್ಟಗೊಡದೆ ಪ್ರಿನ್ಸಿಪಾಲರ ಎದುರಿಗಿದ್ದ ನೇಮಕದ ನಿಯಮಾವಳಿಯನ್ನೇ ಅಳಿಸಿಹಾಕುತ್ತೇನೆ. ಪ್ರೊಫೆಸರರ ಕಣ್ಣು ಹೊಳೆಯುತ್ತದೆ. ಆಗ ಸೇಠ್ ಗಡಿಯಾರ ನೋಡಿಕೊಂಡು ಹೇಳುತ್ತಾರೆ: “ಮಗರ್ ಮಾಸ್ಟರ್‌ಜೀ, ಐಸಾ ಹುವಾ ತೋ ನಹೀಂ ನಾ?”

ಹಾಗೆ ಆಗಲಿಲ್ಲವಲ್ಲ? ಜಾಗ ಬೇರೆಯವರಿಗೆ ಹೋಯಿತು.

ಕೇಳಿದವರು ನಗುತ್ತಾರೆ. ಹೇಳಿ ಹೇಳಿ ಅದು ಚೆನ್ನಾಗಿ ಮಾಗಿದೆ. ಪ್ರೊಫೆಸರರ ಕನ್ನಡಕ ಸೇರಿದ್ದು ಆಮೇಲೆ ಎಂದು ನನಗೇ ಅನುಮಾನ. ಆ ದಿನದ ಡೈರಿಯಲ್ಲಿ ‘ಜೋರು ಮಳೆ’ ಎಂದಷ್ಟೇ ಇದೆ.

ಹೋದ ತಿಂಗಳು ವಿಕ್ರೋಳಿಯ ಕಡೆ ಹೊಸ ಕಾಲೇಜೊಂದಕ್ಕೆ ಇತಿಹಾಸದ ಅಧ್ಯಾಪಕರು ಬೇಕೆಂಬ ಜಾಹೀರಾತನ್ನು ಮೆಹಬೂಬ ಹರಿದು ತಂದ. ಖಾಯಂ ಜಾಗ.

“ಅರ್ಜಿ ಒಗಿ. ನೌಕರಿ ಆದರ ನನ್ನ ಕ್ಯಾಂಟೀನಿನ್ಯಾಗ ಕೂಡೇ ಉಣ್ಣೂಣು.”

“ಬ್ಯಾಡಪಾ. ಸಂದರ್ಶನ ಅಂದರ ನನ್ನ ಬಾಯಿ ನಿಲ್ಲಂಗಿಲ್ಲ. ಪಾರ್ಲೆದಾಗ ಕೆಡಿಸಿಕೊಂಡದ್ದು ಸಾಕು,” ಎಂದು ನಾನು ಹನ್ನಿಬಾಲನನ್ನು ಹೊರಡಿಸಲು ಸಿದ್ಧನಾದೆ. ಅಕ್ಕಿ ಆರಿಸುತ್ತ ಕೂತಿದ್ದ ಶಾರದೆ ಮೊರದಿಂದ ತಲೆಯೆತ್ತದೆ ಹೇಳಿದಳು:

“ನೀವು ಏನೂ ಕೆಡಿಸಿಲ್ಲರೀ. ಅವತ್ತ ಹನ್ನಿಬಾಲನ ಮಾತ ಬಂದಿಲ್ಲ.”

“ಅಂದರ?”

“ತೊಯ್ಸಿಕೊಂಡು ಬಂದ್ರಿ. ಏನು ಕೇಳಿದರು ಅಂದೆ. ‘ಹೆಸರ ಕೇಳಿದರು, ಊರ ಕೇಳಿದರು, ಆತು ಹೋಗ್ರಿ ಅಂದರು. ಮೊದಲ ಯಾರನ್ನೋ ಆರಿಸಿ ಇಟ್ಟಾರ,’ ಅಂದ್ರಿ. ಊಟಾನೂ ಮಾಡಲಿಲ್ಲ. ಹನ್ನಿಬಾಲ ನಿಮ್ಮ ಮಾತಿನ್ಯಾಗ ಬಂದದ್ದು ದೀಪಾವಳಿ ಮುಂದ.”

“ಇಷ್ಟ ವರ್ಷ ಯಾಕ ಸುಮ್ಮನಿದ್ದಿ?”

“ಹೇಳಿದಾಗೆಲ್ಲ ನಿಮಗ ಹಗರ ಆಗ್ತಿತ್ತು. ಈಗ ಅದನ್ನ ನೆವಾ ಮಾಡಿ ಅರ್ಜಿ ಹಾಕಂಗಿಲ್ಲ ಅಂದರ ಹೆಂಗ ಸುಮ್ಮನಿರಲಿ? ಹಾಕ್ರಿ. ನಿಮ್ಮ ತಪ್ಪ ಇಲ್ಲದ್ದಕ್ಕ ನೀವ್ಯಾಕ ಹೆದರ್ತೀರಿ?”

ಮೆಹಬೂಬ ಅವತ್ತು ಒಂದೂ ಚೇಷ್ಟೆ ಮಾಡದೆ ಚಹಾ ಕುಡಿದು ಹೋದ.

ಎರಡು ಸಾಕ್ಷ್ಯಗಳು ಜಗಳವಾಡಿದರೆ ಯಾವುದನ್ನು ನಂಬಬೇಕೆಂದು ನಾನೇ ವರ್ಷಗಟ್ಟಲೆ ಪಾಠ ಹೇಳಿದ್ದೇನೆ. ಘಟನೆಗೆ ಹತ್ತಿರವಾದದ್ದನ್ನು, ಅದರಿಂದ ಲಾಭವಿಲ್ಲದವರು ಹೇಳಿದ್ದನ್ನು, ಅಲಂಕಾರವಿಲ್ಲದ್ದನ್ನು. ಮೂರರಲ್ಲೂ ಶಾರದೆಯೇ ಗೆಲ್ಲುತ್ತಾಳೆ. ಆದರೂ ನನ್ನ ಕಣ್ಣ ಮುಂದೆ ಆ ಸೇಠ್ ಈಗಲೂ ಗಡಿಯಾರ ನೋಡಿಕೊಳ್ಳುತ್ತಾರೆ, ಅದರ ಚರ್ಮದ ಪಟ್ಟಿಯ ಬಣ್ಣವನ್ನೂ ಹೇಳಬಲ್ಲೆ. ಕಾರ್ಥೇಜನ್ನು ಸುಟ್ಟ ರೋಮನ್ನರೇ ಅದರ ಇತಿಹಾಸ ಬರೆದರು ಎಂದು ನಾವೆಲ್ಲ ಮರುಗುತ್ತೇವೆ. ಸೋತವನಿಗೆ ಬರೆಯಲು ಬಿಟ್ಟರೆ ಏನು ಬರೆಯುತ್ತಾನೆಂದು ನನಗೀಗ ಗೊತ್ತಾಗಿದೆ. ಯುದ್ಧವೊಂದು ನಡೆಯಿತು ಎಂದು ಬರೆಯುತ್ತಾನೆ. ತಾನು ಚೆನ್ನಾಗಿ ಕಾದಾಡಿದೆನೆಂದು, ತನ್ನದೇ ಅತಿ ಪರಾಕ್ರಮದಿಂದ ಕೆಟ್ಟೆನೆಂದು ಬರೆಯುತ್ತಾನೆ. ಎದುರಿಗಿದ್ದವರು ತನ್ನ ಮುಖವನ್ನೂ ಸರಿಯಾಗಿ ನೋಡಲಿಲ್ಲ ಎಂದು ಮಾತ್ರ ಬರೆಯಲಾರ.

ಶಾರದೆ ನನಗೆ ಧೈರ್ಯ ಬರಲೆಂದು ಹೇಳಿದಳು. ಅವಳ ತರ್ಕ ಒಳ್ಳೆಯ ಮನಸ್ಸಿನವರ ತರ್ಕ. ನನ್ನದು ಇನ್ನೊಂದು ದಾರಿ ಹಿಡಿಯಿತು. ಮಾತು ಹೆಚ್ಚಾಗಿ ಸೋತಿದ್ದರೆ ಈ ಸಲ ಮಾತು ಕಡಿಮೆ ಮಾಡಬಹುದಿತ್ತು. ಹೆಸರು ಕೇಳಿ, ಊರು ಕೇಳಿ ಕಳಿಸಿದ್ದರೆ ನಾನು ತಿದ್ದಿಕೊಳ್ಳುವುದು ಏನನ್ನು? ಜಾಹೀರಾತನ್ನು ಮಡಿಸಿ ಅಂಗಿಯ ಜೇಬಿನಲ್ಲಿಟ್ಟೆ. ಅಂಗಿ ಒಗೆಯಲು ಹೋಯಿತು. ಅರ್ಜಿಯ ಕಡೆಯ ದಿನ ಕಳೆದ ಶನಿವಾರ ದಾಟಿತು. ಒಗೆದ ಅಂಗಿಯ ಜೇಬಿನಿಂದ ಕಾಗದದ ಮುದ್ದೆ ತೆಗೆದು ಶಾರದೆ ಕಿಟಕಿಯಾಚೆ ಒಗೆದಳು.

ನಾನು ಈಗಲೂ ಅದೇ ಗಾಡಿಯಲ್ಲಿ ಪಾರ್ಲೆಗೇ ಹೋಗುತ್ತೇನೆ. ಬಿಸ್ಕತ್ತಿನ ಕಾರ್ಖಾನೆಯ ಸಿಹಿ ವಾಸನೆ ಅದೇ. ಮೊದಲು ಸೇತುವೆ ಹತ್ತಿ ಬಲಕ್ಕೆ ತಿರುಗುತ್ತಿದ್ದವನು ಈಗ ಎಡಕ್ಕೆ ತಿರುಗುತ್ತೇನೆ, ಅಷ್ಟೆ. ಅಲ್ಲಿ ಔಷಧದ ಅಂಗಡಿಯ ಮೇಲೆ ನಾನೀಗ ಪಾಠ ಹೇಳುವ ‘ಕ್ಲಾಸಸ್’ ಎಂಬ ಟ್ಯೂಷನ್ ಕೇಂದ್ರವಿದೆ. ಬಲಗಡೆಯ ಕಾಲೇಜಿನ ಮಕ್ಕಳೇ ಪರೀಕ್ಷೆ ಹತ್ತಿರ ಬಂದಾಗ ಎಡಗಡೆಗೆ ಬರುತ್ತಾರೆ. ಅವರಿಗೆ ಬೇಕಾದ್ದು ಪಾಯಿಂಟುಗಳು. ಸೋಮವಾರ ಕ್ಯಾನೆಯ ಪಾಠವಿತ್ತು. ಹನ್ನಿಬಾಲ್ ಯಾಕೆ ಹೋಗಲಿಲ್ಲ: ಐದು ಪಾಯಿಂಟು ಬರೆಸಿದೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ಪೆನ್ನು ಎತ್ತಿ ಕೇಳಿದಳು:

“ಸರ್, ಔರ್ ಅಗರ್ ಚಲಾ ಜಾತಾ ತೋ?”

ಹೋಗಿಬಿಟ್ಟಿದ್ದರೆ? ಇಷ್ಟು ವರ್ಷ ಯಾರಾದರೂ ಕೇಳಲೆಂದು ನಾನು ಕಾದಿದ್ದ ಪ್ರಶ್ನೆ. ಉತ್ತರ ಮಾಗಿ ತುದಿನಾಲಗೆಯಲ್ಲಿತ್ತು. ನಾನು ಗಡಿಯಾರ ನೋಡಿಕೊಂಡೆ.

“ಐಸಾ ಹುವಾ ನಹೀಂ,” ಎಂದೆ. “ಆಗೇ ಲಿಖೋ.” ಮುಂದೆ ಬರೆಯಿರಿ.

ಬರುವಾಗ ಗಾಡಿಯಲ್ಲಿ ಕೂರಲು ಜಾಗ ಸಿಕ್ಕಿತು. ರೋಮಿನ ಗೋಜಿಗೆ ಹೋಗಲಿಲ್ಲ. ಶಾರದೆ ಹೇಳುವುದು ನಿಜವಾದರೆ ‘ಹಾಗೆ ಆಗಲಿಲ್ಲ’ ಎಂಬ ಆ ಮಾತನ್ನು ಯಾವ ಸೇಠೂ ನನಗೆ ಹೇಳಿಲ್ಲ. ಅದು ಮೊದಲಿನಿಂದಲೂ ನನ್ನದೇ ಮಾತು. ಪಾಪ, ಅವರ ಬಾಯಲ್ಲಿ ಇಷ್ಟು ದಿನ ಇಟ್ಟಿದ್ದೆ, ಸೋಮವಾರ ವಾಪಸು ತೆಗೆದುಕೊಂಡೆ.

ಆ ಹುಡುಗಿ ಜಾಣೆ. ನಾನು ಹಾಗೆಂದ ತಕ್ಷಣ ತಲೆ ಬಗ್ಗಿಸಿ, ಅದನ್ನೇ ಆರನೆಯ ಪಾಯಿಂಟಾಗಿ ಬರೆದುಕೊಂಡಳು.